ಕೋಟೆಯೂರಿನ ಹುಲಿ

ಗಂಡ ಸತ್ತಾಗ ಯಲ್ಲಮ್ಮ ಅಳಲಿಲ್ಲ. ಸಿಟ್ಟು ಮಾಡಿಕೊಂಡಳು.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿ, ಹಳ್ಳ ದಾಟಿ ಗುಡ್ಡ ಹತ್ತಿದರೆ ಹೊಸಕಾನು ಎಸ್ಟೇಟ್. ಅಲ್ಲಿನ ಕೂಲಿಯಾಳುಗಳ ಸಾಲುಮನೆಗಳಿಗೆ ಲೈನು ಎನ್ನುತ್ತಿದ್ದರು; ಅದರ ಕೊನೆಯ ಮನೆಯಲ್ಲಿ ಯಲ್ಲಮ್ಮ, ಅವಳ ಗಂಡ ಶಿವಯ್ಯ, ಅತ್ತೆ ರಾಮಮ್ಮ ಇದ್ದರು. ಶಿವಯ್ಯ ಲೈನಿಗೆಲ್ಲ ಎತ್ತರದವನು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಕಾಲದಲ್ಲಿ ಎಂಥ ಎತ್ತರದ ಮರವನ್ನಾದರೂ ಹತ್ತಿ, ಕೆಳಗಿನ ಕಾಫಿ ಗಿಡಕ್ಕೆ ಪೆಟ್ಟಾಗದಂತೆ ಕೊಂಬೆ ಇಳಿಸುವವನು. ಮಾತು ಕಮ್ಮಿ. ವಾರದ ಸಂತೆಯ ದಿನ ಒಂದಿಷ್ಟು ಕುಡಿಯುತ್ತಿದ್ದ. ಅದು ಲೈನಿನಲ್ಲಿ ಎಲ್ಲ ಗಂಡಸರಿಗೂ ಇದ್ದ ಅಭ್ಯಾಸ.

ಎಸ್ಟೇಟಿನ ಒಡೆಯ ಟ್ರೆಂಚ್ ದೊರೆಗೆ ಬೇಟೆಯ ಹುಚ್ಚು. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಎಲ್ಲೆಲ್ಲಿಂದಲೋ ಅತಿಥಿಗಳು ಬಂದು ಬಂಗಲೆಯಲ್ಲಿ ಇಳಿಯುತ್ತಿದ್ದರು. ಆಗ ಲೈನಿನ ಗಂಡಸರೆಲ್ಲ ತೋಟದ ಕೆಲಸ ಬಿಟ್ಟು ಸೋವಿಗೆ ಹೋಗಬೇಕು. ತಮಟೆ ಬಡಿದು, ಕೂಗೆಬ್ಬಿಸಿ, ಕಾಡಿನೊಳಗಿನ ಪ್ರಾಣಿಯನ್ನು ಮರದ ಮೇಲೆ ಕೋವಿ ಹಿಡಿದು ಕೂತವರ ಕಡೆಗೆ ಅಟ್ಟುವುದು ಅವರ ಪಾಲಿನ ಕೆಲಸ. ಒಂದು ವರ್ಷ ಯುರೋಪಿನ ಯಾವುದೋ ಕೋಟೆಯ ಒಡೆಯನೊಬ್ಬ ತನ್ನ ಆಳನ್ನೂ ಕರೆದುಕೊಂಡು ಬಂದಿದ್ದ. ಎದೆಯ ಮೇಲೆ ಹರಡಿದ ಗಡ್ಡ ನೋಡಿ ಲೈನಿನವರು ಅವನಿಗೆ ಗಡ್ಡದ ದೊರೆ ಎಂದು ಹೆಸರಿಟ್ಟರು. ಆ ಗಡ್ಡದ ದೊರೆ ಹುಲಿ ಹೊಡೆದ ದಿನವೇ ಶಿವಯ್ಯ ಹುಲಿಯ ಬಾಯಿಗೆ ಬಿದ್ದು ಸತ್ತ.

ಹೆಣ ಮನೆಗೆ ಬಂದಾಗ ಜೊತೆಗೊಂದು ಕತೆಯೂ ಬಂತು. ಹೇಳಿದವನು ಸುಬ್ಬಣ್ಣ, ಆಗಿನ್ನೂ ಅವನು ಮೇಸ್ತ್ರಿಯಾಗಿರಲಿಲ್ಲ, ಶಿವಯ್ಯನ ಜೊತೆಯ ಆಳು. "ಎಂತ ಹೇಳದು ಯಲ್ಲಕ್ಕ, ಬೆಳಗ್ಗೇನೇ ಕುಡ್ದಿದ್ದ. ನಿಲ್ಸಿದ್ದ ಜಾಗ ಬಿಟ್ಟು ಓಡಿದ. ಬೆನ್ನು ತೋರ್ಸಿ ಓಡಿದವನ್ನ ಹುಲಿ ಬಿಡ್ತದಾ?" ಎಂದ. ಟ್ರೆಂಚ್ ದೊರೆಯೂ ಅದನ್ನೇ ಹೇಳಿದ. ಉಳಿದವರು ತಲೆ ತಗ್ಗಿಸಿ ನಿಂತಿದ್ದರು.

ಹೇಡಿಯ ಮನೆಯೆಂದು ಆ ಮನೆಗೆ ಹೆಸರು ಬಂತು. ಊರ ಬೇಟೆಯಲ್ಲಿ ಹಂದಿ ಬಿದ್ದಾಗ ಮನೆಗೊಂದು ಪಾಲು ಹಂಚುವುದು ವಾಡಿಕೆ. ರಾಮಮ್ಮನ ಬಾಗಿಲಿಗೆ ಅದು ನಿಂತುಹೋಯಿತು. ರಾಮಮ್ಮ ನಾಲ್ಕು ಜನ ಸೇರುವಲ್ಲಿಗೆ ಹೋಗುವುದನ್ನೇ ಬಿಟ್ಟಳು. ಯಲ್ಲಮ್ಮ ಮಾತ್ರ ಒಳಗೊಳಗೇ ಕುದಿದಳು. ಕುಡಿದು ಓಡಿ ಸಾಯುವ ಬದಲು ಅವನು ಮರದಿಂದ ಬಿದ್ದಾದರೂ ಸಾಯಬಾರದಿತ್ತೇ ಎಂದು ಎಷ್ಟೋ ಸಲ ಒಲೆಯ ಮುಂದೆ ಕೂತು ಗಂಡನಿಗೆ ಶಾಪ ಹಾಕಿದಳು.

ಕೆಲವು ವರ್ಷಗಳಲ್ಲಿ ಟ್ರೆಂಚ್ ದೊರೆ ತನ್ನ ಸೀಮೆಗೆ ಹೋಗಿ ಮದುವೆಯಾಗಿ ಬಂದ. ಹೊಸ ದೊರೆಸಾನಿಗೆ ಹೆಣ್ಣು ಮಗು ಹುಟ್ಟಿತು. ಮಗುವನ್ನು ನೋಡಿಕೊಳ್ಳಲು ಯಲ್ಲಮ್ಮನನ್ನು ಬಂಗಲೆಗೆ ಕರೆದರು. ಮಗುವಿನ ಜೊತೆ ಓಡಾಡುತ್ತ ಅವಳಿಗೂ ಒಂದಿಷ್ಟು ಇಂಗ್ಲಿಷ್ ಹತ್ತಿತು. ದೊರೆಸಾನಿ ಕೆಟ್ಟವಳಲ್ಲ. ಯಲ್ಲಮ್ಮನ ಗಂಡ ಕಾಡಿನಲ್ಲಿ ಸತ್ತನೆಂದಷ್ಟೇ ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿದವಳೂ ಅಲ್ಲ.

ದೊರೆಯ ಈಲಿ ಕೆಟ್ಟಿತು. ಚೆಕೋಸ್ಲೊವಾಕಿಯದ ಕಾರ್ಲ್ಸ್‌ಬಾಡಿನಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತದೆ, ಅದನ್ನು ಕುಡಿದರೆ ಈಲಿ ಸರಿಯಾಗುತ್ತದೆ ಎಂದು ಡಾಕ್ಟರು ಹೇಳಿದರು. ಮಗುವನ್ನು ಬಿಟ್ಟಿರಲಾರೆ ಎಂದಳು ದೊರೆಸಾನಿ. ಮಗು ಯಲ್ಲಮ್ಮನನ್ನು ಬಿಟ್ಟು ಊಟ ಮಾಡುತ್ತಿರಲಿಲ್ಲ. ಹೀಗೆ ಕಳಸದ ಸಂತೆಯಿಂದಾಚೆಗೆ ಕಾಲಿಡದ ಯಲ್ಲಮ್ಮ ಹಡಗು ಹತ್ತಿದಳು.

ಕಾರ್ಲ್ಸ್‌ಬಾಡಿನಲ್ಲಿ ದೊರೆಗೆ ಹೊತ್ತು ಹೊತ್ತಿಗೆ ನೀರು ಕುಡಿಯುವುದು, ಮಲಗುವುದು, ನಡೆಯುವುದು ಇಷ್ಟೇ ಕೆಲಸ. ದೊರೆಸಾನಿಗೆ ಬೇಸರ ಹಿಡಿಯಿತು. ಗಡ್ಡದ ದೊರೆಯ ಕೋಟೆ ಅಲ್ಲಿಂದ ದೂರವಿಲ್ಲ, ಯಾವಾಗಲಾದರೂ ಬನ್ನಿ ಎಂದು ಅವನು ಹಿಂದೆ ಕಾಗದ ಬರೆದಿದ್ದನಲ್ಲ ಎಂದು ಗಂಡನಿಗೆ ಹೇಳಿದಳು.

"ಅವನು ವಿಯೆನ್ನಾದಲ್ಲಿದ್ದಾನೆ. ಖಾಲಿ ಕೋಟೆ ನೋಡಿ ಏನು ಮಾಡ್ತೀಯ?" ಎಂದ ದೊರೆ.

"ಊರು ನೋಡ್ತೀನಿ," ಎಂದಳು ಅವಳು. ಮಾರನೆಯ ದಿನ ದೊರೆ ನೀರು ಕುಡಿಯಲು ಹೋದ ಮೇಲೆ ಕಾರು ತರಿಸಿ, ಮಗುವನ್ನೂ ಯಲ್ಲಮ್ಮನನ್ನೂ ಕರೆದುಕೊಂಡು ಹೊರಟಳು.

ಆ ಊರಿನ ಹೆಸರಿಗೆ ಯಲ್ಲಮ್ಮನ ನಾಲಿಗೆ ಕೊನೆಗೂ ಹೊರಳಲಿಲ್ಲ. ಕೋಟೆಯೂರು ಎಂದೇ ಅವಳು ಕರೆದಳು. ಹೊಳೆಯೊಂದು ಊರನ್ನು ಮೂರು ಕಡೆಯಿಂದ ಸುತ್ತಿ ಹರಿಯುತ್ತಿತ್ತು. ಹೊಳೆಗೆ ಕಲ್ಲಿನ ಸೇತುವೆ. ಸೇತುವೆಯ ಎರಡು ಬದಿಗೂ ನಿಲುವಂಗಿ ತೊಟ್ಟ ಕಲ್ಲಿನ ಸಂತರು, ಮಳೆ ಗಾಳಿಗೆ ಮೂಗು ಸವೆದವರು. ಆಚೆ ದಡದಲ್ಲಿ ಬಂಡೆಯ ಮೇಲೆ ಕೋಟೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕೆಳಗೆ ನಿಂತವರಿಗೆ ತಿಳಿಯುತ್ತಿರಲಿಲ್ಲ. ಕೆಂಪು ಹೆಂಚಿನ ಮನೆಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡು ಕೋಟೆಯ ಬುಡದವರೆಗೂ ಏರಿದ್ದವು. ಬೀದಿಗೆಲ್ಲ ಗುಂಡುಕಲ್ಲು ಹಾಸಿತ್ತು. ಹೆಂಚು ಕಂಡಾಗ ಯಲ್ಲಮ್ಮನಿಗೆ ಒಂದು ಗಳಿಗೆ ಊರ ನೆನಪಾಗಿ ಹಿತವೆನಿಸಿತು.

ಆ ಹಿತ ಉಳಿಯಲಿಲ್ಲ. ಚೌಕದ ಹತ್ತಿರ ಕಾರಿನಿಂದ ಇಳಿದದ್ದೇ ತಡ, ಜನ ಸುತ್ತ ನೆರೆದರು. ದೊರೆಸಾನಿ ಚರ್ಚಿನ ಬಾಗಿಲ ಕೆತ್ತನೆ ನೋಡುತ್ತಿದ್ದರೆ ಊರವರು ಯಲ್ಲಮ್ಮನನ್ನು ನೋಡುತ್ತಿದ್ದರು. ರೊಟ್ಟಿ ಅಂಗಡಿಯ ಹೆಂಗಸೊಬ್ಬಳು ಹತ್ತಿರ ಬಂದು, ಯಲ್ಲಮ್ಮನ ತೋಳಿನ ಮೇಲೆ ಬೆರಳಿಟ್ಟು ಉಜ್ಜಿ, ಬಣ್ಣ ಬಂತೇ ಎಂದು ಬೆರಳು ನೋಡಿಕೊಂಡಳು. ಸುತ್ತ ನಿಂತವರು ನಕ್ಕರು. ದೊರೆಸಾನಿಯೂ ನಕ್ಕಳು.

"ಅವರು ನಿನ್ನಂಥವರನ್ನು ನೋಡಿಲ್ಲ ಯಲ್ಲಮ್ಮ. ಬೇಜಾರು ಮಾಡ್ಕೋಬೇಡ."

"ನಾನೂ ಇವರಂಥೋರ್ನ ನೋಡಿರ್ಲಿಲ್ಲ ಅಮ್ಮಾವ್ರೆ. ನಾನು ಮುಟ್ಟಿ ನೋಡಿದ್ನಾ?" ಎಂದಳು ಯಲ್ಲಮ್ಮ.

ದೊರೆಸಾನಿ ಮಾತು ಬದಲಿಸಿದಳು. ಕೋಟೆಯ ಕಂದಕದಲ್ಲಿ ಕರಡಿ ಸಾಕಿದ್ದರು. ಮಗುವಿಗೆ ಅದನ್ನು ತೋರಿಸಿದರು. ಅಂಗಳದ ನಡುವಿನ ಆಳದ ಬಾವಿಗೆ ಕಾವಲಿನವನೊಬ್ಬ ಉರಿಯುವ ಕಾಗದ ಎಸೆದ. ಅದು ಸಣ್ಣಗಾಗುತ್ತ ಸಣ್ಣಗಾಗುತ್ತ ಎಷ್ಟೋ ಹೊತ್ತಿನ ಮೇಲೆ ಆರಿತು. ಕ್ಯಾಮರಾ ಇಟ್ಟುಕೊಂಡಿದ್ದವನೊಬ್ಬ ಬಂದು ಯಲ್ಲಮ್ಮನನ್ನು ಬಾವಿಕಟ್ಟೆಗೆ ಒರಗಿ ನಿಲ್ಲಲು ಕೈಸನ್ನೆ ಮಾಡಿದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವನಿಗೆ ಬೆನ್ನು ತಿರುಗಿಸಿ ನಿಂತಳು.

ಕೋಟೆ ತೋರಿಸುವವನು ಮಾತೇಯ್ ಎಂಬ ಮುದುಕ. ಬಿಳಿ ಮೀಸೆ, ಹಿತ್ತಾಳೆ ಗುಂಡಿಯ ಹಸಿರು ಕೋಟು, ಒಂದು ಕಾಲು ಸ್ವಲ್ಪ ಎಳೆದು ಹಾಕುವ ನಡಿಗೆ. ಅವನಿಗೆ ಹರಕು ಇಂಗ್ಲಿಷ್ ಬರುತ್ತಿತ್ತು. ಎಲ್ಲಿಂದ ಬಂದಿರಿ ಎಂದು ಕೇಳಿದ. ಮೈಸೂರು ಸೀಮೆಯ ಕಾಫಿ ಬೆಟ್ಟಗಳಿಂದ ಎಂದು ದೊರೆಸಾನಿ ಹೇಳಿದಾಗ ಅವನ ಮುಖ ಅರಳಿತು.

"ನಾನು ಅಲ್ಲಿಗೆ ಹೋಗಿದ್ದೆ! ನಮ್ಮ ಒಡೆಯರ ಜೊತೆ. ಅವರ ಕೋವಿಗೆ ತೋಟಾ ತುಂಬುತ್ತಿದ್ದವನೇ ನಾನು. ಬನ್ನಿ, ಬನ್ನಿ. ಬೇರೆ ಕೋಣೆ ಆಮೇಲೆ. ಮೊದಲು ನಿಮ್ಮ ಹುಲಿ ನೋಡಿ."

ಅವನು ಬಾಗಿಲು ತೆರೆದ ಕೋಣೆ ಉದ್ದಕ್ಕೆ ಪಡಸಾಲೆಯಂತಿತ್ತು. ಗೋಡೆ ಕಾಣದಷ್ಟು ಕೊಂಬುಗಳು. ಜಿಂಕೆ, ಕಡವೆ, ಕಾಟಿ, ಹೆಸರು ಗೊತ್ತಿಲ್ಲದ ಪ್ರಾಣಿಗಳ ತಲೆಗಳು. ನಡುವೆ ಮರದ ಹಲಗೆಯ ಮೇಲೆ ಹುಲಿ. ಸುಲಿದ ಚರ್ಮದೊಳಗೆ ಹುಲ್ಲು ತುಂಬಿ ಜೀವದ ಹುಲಿಯಂತೆಯೇ ನಿಲ್ಲಿಸಿದ್ದರು. ಗಾಜಿನ ಕಣ್ಣು, ತೆರೆದ ಬಾಯಿ, ಕೆಂಪು ಬಣ್ಣ ಬಳಿದ ನಾಲಿಗೆ. ಕೋಟೆ ನೋಡಲು ಬಂದಿದ್ದ ಬೇರೆ ಕೆಲವರೂ ಹಿಂದೆಯೇ ಬಂದು ನಿಂತರು. ಯಲ್ಲಮ್ಮ ಬಾಗಿಲಲ್ಲೇ ನಿಂತಳು. ಇದೇ ಹುಲಿ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಡ್ಡದ ದೊರೆ ಹೊಸಕಾನಿನಲ್ಲಿ ಹೊಡೆದದ್ದು ಒಂದೇ ಹುಲಿ.

ಮಾತೇಯ್ ಕೈಯಲ್ಲಿದ್ದ ಕೋಲನ್ನು ಕೋವಿಯಂತೆ ಹಿಡಿದು ಕತೆ ಶುರುಮಾಡಿದ. ಮೊದಲ ಗುಂಡು ಹೊಟ್ಟೆಗೆ ಬಿತ್ತು. ಹುಲಿ ಸಾಯಲಿಲ್ಲ, ಬಿದಿರುಮೆಳೆಯ ಹಳುವಿನೊಳಗೆ ನುಗ್ಗಿ ಅಡಗಿತು. ಗಾಯದ ಹುಲಿ, ಕಣ್ಣಿಗೆ ಕಾಣದ ಹುಲಿ. ಆದರೂ ನಮ್ಮ ಒಡೆಯರು ಮರದಿಂದ ಇಳಿದರು! ಅವರ ಧೈರ್ಯ ನೋಡಿ ಅಲ್ಲಿನ ಜನ ನೆಲಕ್ಕೆ ಬಿದ್ದು, ಕೈಮುಗಿದು, ತಮ್ಮ ಭಾಷೆಯಲ್ಲಿ ಜಯಕಾರ ಹಾಕಿದರು.

"ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಇಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಕೂಗಿ ತೋರಿಸುತ್ತೇನೆ," ಎಂದು ಮಾತೇಯ್ ಎರಡೂ ಕೈ ಮೇಲೆತ್ತಿ, ಗಂಟಲು ಬಿಚ್ಚಿ ಕೂಗಿದ:

"ಬ್ಯಾದ ಸಾಮಿ! ಬ್ಯಾದ ಸಾಮಿ! ಒಲಗ್ ಕಲ್ಸ್‌ಬ್ಯಾದಿ ಸಾಮಿ!"

ನಿಂತಿದ್ದವರು ಚಪ್ಪಾಳೆ ತಟ್ಟಿದರು. ಮಗು ಕುಣಿದು ಕೇಕೆ ಹಾಕಿತು.

ಯಲ್ಲಮ್ಮ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು. ಹಡಗು ಹತ್ತಿದಂದಿನಿಂದ ದೊರೆಯ ಮನೆಯವರ ಬಾಯಲ್ಲಿ ಬಿಟ್ಟರೆ ಅವಳು ಕನ್ನಡ ಕೇಳಿರಲಿಲ್ಲ. ಈಗ ಕೇಳಿದ್ದು ದೊರೆಗಳ ಕನ್ನಡವಲ್ಲ. ಅವಳ ಲೈನಿನ ಗಂಡಸರ ಮಾತು. ಜೀವಭಯದಲ್ಲಿ ಕೂಗಿದ ಮಾತು.

ಮುದುಕ ಕತೆ ಮುಂದುವರಿಸಿದ. "ಅವರಲ್ಲಿ ಒಬ್ಬ ಎತ್ತರದವನು. ನಮ್ಮ ಒಡೆಯರ ಮೇಲೆ ಅವನಿಗೆ ಎಂಥ ಭಕ್ತಿ ಅಂತೀರಿ! ಕೈಯಲ್ಲೊಂದು ದೊಣ್ಣೆ ಹಿಡಿದು ತಾನೇ ಹಳುವಿನೊಳಗೆ ಹೊಕ್ಕ. ಹುಲಿಯನ್ನು ಎಬ್ಬಿಸಿ ಒಡೆಯರ ಗುಂಡಿಗೆ ತಂದುಕೊಟ್ಟ. ಪಾಪ, ಹುಲಿ ಅವನನ್ನು ಬಿಡಲಿಲ್ಲ."

"ಓಡಲಿಲ್ವಾ?" ಎಂದಳು ಯಲ್ಲಮ್ಮ. ಕನ್ನಡದಲ್ಲಿ ಕೇಳಿದೆನೆಂದು ಹೊಳೆದು ಇಂಗ್ಲಿಷಿನಲ್ಲಿ ಮತ್ತೆ ಕೇಳಿದಳು. "ಆ ಮನುಷ್ಯ ಓಡಿಹೋಗಲಿಲ್ಲವಾ? ಕುಡಿದಿರಲಿಲ್ಲವಾ?"

"ಓಡುವುದೇ? ಇಲ್ಲ, ಇಲ್ಲ. ನೆಟ್ಟಗೆ ನಡೆದು ಒಳಗೆ ಹೋದ. ನಾನೇ ನೋಡಿದೆನಲ್ಲ."

ಯಲ್ಲಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ನೀನು ಕೂಗಿದ್ದು ಇನ್ನೊಂದು ಸಲ ಕೂಗು."

ಮುದುಕ ಖುಷಿಯಿಂದ ಕೂಗಿದ. ಈ ಸಲ ಯಲ್ಲಮ್ಮ ಅವನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಳು.

"ಜಯಕಾರ ಅಂತ ನಿನಗೆ ಯಾರು ಹೇಳಿದ್ದು?"

"ಟ್ರೆಂಚ್ ಸಾಹೇಬರು. ಆವತ್ತು ಸಂಜೆ ನಾನೇ ಕೇಳಿದೆ."

"ಸುಳ್ಳು. ಅದು ನನ್ನ ಭಾಷೆ," ಎಂದಳು ಯಲ್ಲಮ್ಮ. ತನಗೆ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷ್ ಅವಳಿಗೆ ಆಗ ಸಾಕಾಯಿತು. "ಬೇಡ ಸ್ವಾಮಿ. ಒಳಗೆ ಕಳಿಸಬೇಡಿ ಸ್ವಾಮಿ. ಅವರು ಹೇಳಿದ್ದು ಅದು. ಸಾಯಿಸಬೇಡಿ ಅಂತ ಕಾಲಿಗೆ ಬಿದ್ದದ್ದು. ಆ ಎತ್ತರದವನು ನನ್ನ ಗಂಡ."

ದೊರೆಸಾನಿ ಅವಳ ತೋಳು ಹಿಡಿದಳು. "ಯಲ್ಲಮ್ಮ, ಏನಿದು? ಇಲ್ಲಿ ಬೇಡ, ಬಾ."

"ಮುಟ್ಬ್ಯಾಡಿ ಅಮ್ಮಾವ್ರೆ," ಎಂದು ಯಲ್ಲಮ್ಮ ಕೈ ಕೊಡವಿಕೊಂಡಳು.

ಮಾತೇಯ್ ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಯಲ್ಲಮ್ಮನಿಗೆ ಅದನ್ನು ಕಂಡು ಕನಿಕರ ಹುಟ್ಟಲಿಲ್ಲ, ರೇಗಿತು. ಇಷ್ಟು ವರ್ಷ ತನ್ನ ಗಂಡನ ಸಾವನ್ನು ಕೂಗಿ ಕೂಗಿ ಚಪ್ಪಾಳೆ ತಟ್ಟಿಸಿಕೊಂಡವನು ಈಗ ಟೋಪಿ ತೆಗೆದುಬಿಟ್ಟರೆ ಮುಗಿಯಿತೇ?

"ನೋಡಿದ್ದು ಹೇಳು. ಕತೆ ಬೇಡ," ಎಂದಳು.

ಮುದುಕ ತಗ್ಗಿದ ದನಿಯಲ್ಲಿ ಹೇಳಿದ. ಗಡ್ಡದ ದೊರೆ ಮರದಿಂದ ಇಳಿದದ್ದು ನಿಜ. ಇಳಿದವನು ಹಿಂದಿನ ಬಂಡೆಯ ಮೇಲೆ ಹತ್ತಿ ನಿಂತ. ಹುಲಿಯನ್ನು ಎಬ್ಬಿಸಲು ಟ್ರೆಂಚ್ ದೊರೆ ಆಳುಗಳನ್ನು ಒಳಗೆ ಹೋಗಲು ಹೇಳಿದ. ಯಾರೂ ಹೋಗಲಿಲ್ಲ. ಟ್ರೆಂಚ್ ತಮಟೆ ಬಡಿಯುವ ಮುದುಕನೊಬ್ಬನ ಕುತ್ತಿಗೆ ಹಿಡಿದು, ಬೆನ್ನಿಗೆ ಕೋವಿಯ ತುದಿ ಒತ್ತಿ ಹಳುವಿನ ಕಡೆ ದೂಡಿದ. ಆಗಲೇ ಎಲ್ಲರೂ ಕೂಗಿಕೊಂಡದ್ದು. ಎತ್ತರದವನು ಬಂದು ಆ ಮುದುಕನನ್ನು ಪಕ್ಕಕ್ಕೆ ಎಳೆದು ಕೂರಿಸಿ, ಅವನ ಕೈಯ ದೊಣ್ಣೆ ಇಸಕೊಂಡು ತಾನು ಹೋದ.

"ಅವರು ಜಗಳವಾಡುತ್ತಿದ್ದಾರೆ ಅಂತ ನನಗೆ ಆಗ ಅನಿಸಿತ್ತು," ಎಂದ ಮಾತೇಯ್. "ಆಮೇಲೆ ಟ್ರೆಂಚ್ ಸಾಹೇಬರು ಹೇಳಿದ್ದನ್ನು ನಂಬಿದೆ. ನಂಬುವುದು ಸುಲಭವಾಗಿತ್ತು."

ನಂಬುವುದು ತನಗೂ ಸುಲಭವಾಗಿತ್ತು ಎನ್ನುವುದು ಯಲ್ಲಮ್ಮನ ಎದೆಗೆ ಚುಚ್ಚಿದ್ದು ಆಗಲೇ. ಒಲೆಯ ಮುಂದೆ ಕೂತು ಹಾಕಿದ ಶಾಪಗಳೆಲ್ಲ ಒಟ್ಟಿಗೆ ನೆನಪಾದವು. ಅವಳು ತಿರುಗಿ ಹುಲಿಯ ಎದೆಗೆ ಎರಡೂ ಕೈಯಿಟ್ಟು ಮೈಯ ಬಲವನ್ನೆಲ್ಲ ಹಾಕಿ ದೂಡಿದಳು. ಬಂಡೆ ದೂಡುವಂತೆ ದೂಡಿದ್ದಳು; ಅದು ಖಾಲಿ ಬುಟ್ಟಿಯಷ್ಟು ಹಗುರವಾಗಿತ್ತು. ಹಲಗೆಯ ಸಮೇತ ಮಗುಚಿ ಬಿದ್ದು ಹೊಟ್ಟೆಯ ಹೊಲಿಗೆ ಬಿಚ್ಚಿಕೊಂಡು, ನೆಲದ ತುಂಬ ಹಳೆಯ ಹುಲ್ಲಿನ ದೂಳೆದ್ದಿತು. ಹೆಂಗಸರು ಚೀರಿದರು. ಹೊರಗಿನಿಂದ ಕಾವಲಿನವರು ಓಡಿಬಂದರು.

ಮಾತೇಯ್ ಅವರಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಹಲಗೆಗೆ ಹುಳ ಹಿಡಿದಿತ್ತು, ತಾನಾಗಿ ಮುರಿದು ಬಿತ್ತು ಎಂದನಂತೆ; ದೊರೆಸಾನಿಗೆ ಆಮೇಲೆ ಕಾರಿನವನು ತಿಳಿಸಿದ. ಯಲ್ಲಮ್ಮ ಅದಕ್ಕೂ ಅವನಿಗೆ ಕೈಮುಗಿಯಲಿಲ್ಲ.

ಹೋಟೆಲಿಗೆ ಮರಳಿದಾಗ ಟ್ರೆಂಚ್ ದೊರೆ ಮೊಗಸಾಲೆಯಲ್ಲಿ ಕಾಲು ಚಾಚಿ ಕೂತು ಬಿಸಿನೀರು ಹೀರುತ್ತಿದ್ದ. ದೊರೆಸಾನಿ ಅಳುತ್ತಳುತ್ತ ಎಲ್ಲ ಹೇಳಿದಳು. ಅವನು ಲೋಟ ಕೆಳಗಿಟ್ಟು ಯಲ್ಲಮ್ಮನನ್ನು ಕರೆದ. ಆಳುಗಳ ಮೇಲೆ ಕೂಗಾಡಲು ಕಲಿತ ಕನ್ನಡ ಅವನದು.

"ನಿನ್ನ ಗಂಡ ಕುಡಿದಿದ್ದ."

"ಆ ಮುದ್ಕ ಕಣ್ಣಾರೆ ಕಂಡಿದ್ದಾನೆ ದೊರೆ."

"ಮುದುಕನಿಗೆ ತಲೆ ಕೆಟ್ಟಿದೆ."

"ಬ್ಯಾಡ ಸ್ವಾಮಿ ಅನ್ನೋ ಮಾತು ಅವನ ಬಾಯಿಗೆ ಎಲ್ಲಿಂದ ಬಂತು? ಕೋಟೆ ಬಾವೀಲಿ ಸಿಕ್ತಾ? ಅಜ್ಜನ ಬೆನ್ನಿಗೆ ಕೋವಿ ಇಟ್ಟೋರು ನೀವು. ನನ್ನ ಗಂಡನ್ನ ಕೊಂದೋರು ನೀವು. ಸತ್ತ ಮೇಲೂ ಬಿಡ್ಲಿಲ್ಲ, ಹೇಡಿ ಅಂತ ಹೆಸ್ರು ಹಚ್ಚಿದ್ರಿ."

ದೊರೆ ದನಿ ಏರಿಸಲಿಲ್ಲ. ಸುತ್ತ ಕೂತ ಬಿಳಿಯರು ನೋಡುತ್ತಿದ್ದರು. "ಕೂಗು. ಎಷ್ಟು ಬೇಕಾದರೂ ಕೂಗು. ನಿನ್ನ ಭಾಷೆ ಇಲ್ಲಿ ಯಾರಿಗೆ ಬರುತ್ತೆ? ಆದರೆ ಹೊಸಕಾನಿನಲ್ಲಿ ಬಾಯಿ ಬಿಟ್ಟರೆ ನೀನೂ ನಿನ್ನ ಅತ್ತೆಯೂ ಅವತ್ತೇ ಲೈನಿನಿಂದ ಹೊರಗೆ. ತಿಳೀತಾ?"

ಯಲ್ಲಮ್ಮನನ್ನು ಅಲ್ಲೇ ಬಿಟ್ಟುಬಿಡುವ ಮನಸ್ಸು ದೊರೆಗೆ ಇತ್ತು; ಮಗು ಊಟ ಬಿಟ್ಟೀತೆಂದು ದೊರೆಸಾನಿ ಒಪ್ಪಲಿಲ್ಲ. ಹಡಗಿನಲ್ಲಿ ದೊರೆಸಾನಿ ಒಂದು ದಿನ ಹತ್ತಿರ ಬಂದು ಕೂತು, "ಅವರಿಗೆ ಮೈ ಸರಿಯಿಲ್ಲ ಯಲ್ಲಮ್ಮ. ಹಳೆಯದನ್ನು ಮರೆತುಬಿಡು. ನಿನಗೆ ಏನು ಬೇಕೋ ನಾನು ಮಾಡಿಸ್ತೀನಿ," ಎಂದಳು.

"ನನ್ನ ಗಂಡನ ಹೆಸ್ರು ಸರಿ ಮಾಡ್ಸಿ. ಬೆಳಗ್ಗೆ ಆಳು ಲೆಕ್ಕ ಹಾಕೋ ಮಸ್ಟರ್‌ನಲ್ಲಿ ಎಲ್ಲರ ಎದ್ರಿಗೆ ನಿಂತು ದೊರೆ ಹೇಳ್ಲಿ," ಎಂದಳು ಯಲ್ಲಮ್ಮ. ದೊರೆಸಾನಿ ಸಮುದ್ರದ ಕಡೆ ಮುಖ ತಿರುಗಿಸಿದಳು. ಇವಳ ಒಳ್ಳೆಯತನ ಇಷ್ಟೇ, ತನಗೆ ಕಷ್ಟವಾಗದವರೆಗೆ ಎಂದುಕೊಂಡಳು ಯಲ್ಲಮ್ಮ.

ಕಡೂರಿನಲ್ಲಿ ರೈಲಿಳಿದು ಹೊಸಕಾನು ಮುಟ್ಟಿದಾಗ ಮಧ್ಯಾಹ್ನ. ಯಲ್ಲಮ್ಮ ಬಂಗಲೆಯೊಳಗೆ ಹೋಗಲಿಲ್ಲ. ಮಗು ಹಿಂದಿನಿಂದ ಕರೆಯುತ್ತಿದ್ದರೂ ತಿರುಗಿ ನೋಡದೆ ಲೈನಿಗೆ ನಡೆದಳು. ರಾಮಮ್ಮ ಹಿತ್ತಲಲ್ಲಿ ಕೆಸವಿನ ಸೊಪ್ಪು ಕೊಯ್ಯುತ್ತಿದ್ದಳು. ಸೊಸೆ ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ ಕತ್ತಿ ಕೆಳಗಿಟ್ಟು ಕೇಳಿದ್ದು ಒಂದೇ ಮಾತು:

"ಇದನ್ನ ತಿಳ್ಕೊಳ್ಳೋಕೆ ನೀ ಸಮುದ್ರ ದಾಟ್ಬೇಕಾಯ್ತಾ?"

"ಅತ್ತೆ..."

"ನಾನು ಹೆತ್ತೋಳು. ಅವನು ಓಡೋನಲ್ಲ ಅಂತ ನಂಗೆ ಗೊತ್ತಿತ್ತು. ಹೇಳಿದ್ರೆ ಯಾರು ಕೇಳ್ತಾರೆ ಅಂತ ಬಾಯಿ ಮುಚ್ಕೊಂಡೆ. ನೀ ಅವನ ಜೊತೆ ಬಾಳ್ವೆ ಮಾಡ್ದೋಳು. ನೀ ನಂಬಿದ್ಯಲ್ಲ!" ಎಂದು ರಾಮಮ್ಮ ಮುಖ ತಿರುಗಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಆಳುಗಳೆಲ್ಲ ಕಣದಲ್ಲಿ ಸೇರಿ ಸುಬ್ಬಣ್ಣ ಕೆಲಸ ಹಂಚಲು ಶುರುಮಾಡಿದಾಗ ಯಲ್ಲಮ್ಮ ನಡುವೆ ಹೋಗಿ ನಿಂತಳು. ಸುಬ್ಬಣ್ಣ ಈಗ ಮೇಸ್ತ್ರಿ. ಶಿವಯ್ಯ ಸತ್ತ ಮುಂದಿನ ವರ್ಷವೇ ದೊರೆ ಅವನ ಕೈಗೆ ಕೋಲು ಕೊಟ್ಟಿದ್ದ.

"ಏನೇ ಯಲ್ಲಿ, ಸೀಮೆ ನೋಡ್ಕಂಡು ಬಂದ ಜಂಬವಾ? ಬಂಗ್ಲೆ ಕೆಲ್ಸ ಬಿಟ್ಟು ಇಲ್ಲೇನು?"

"ಬ್ಯಾಡ ಸ್ವಾಮಿ, ಒಳಗ್ ಕಳ್ಸ್‌ಬ್ಯಾಡಿ ಸ್ವಾಮಿ!" ಎಂದು ಯಲ್ಲಮ್ಮ ಕೂಗಿದಳು. ಗುಡ್ಡ ಗುಡ್ಡಕ್ಕೆ ಕೇಳುವಂತೆ ಕೂಗಿದಳು. "ಇದನ್ನ ಕೂಗ್ದೋರು ಯಾರ್ಯಾರು? ಇಲ್ಲಿ ಎಷ್ಟು ಜನ ಇದೀರಿ? ಮುಂದೆ ಬನ್ನಿ, ಮುಖ ನೋಡ್ತೀನಿ."

ಯಾರೂ ಮುಂದೆ ಬರಲಿಲ್ಲ. ಅವಳು ತಾನು ಕೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಗಂಡಸರ ಮುಖ ನೋಡಿದಳು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಆಗ ಅವಳಿಗೆ ಅರ್ಥವಾಯಿತು. ಅಂದು ಹಳುವಿನ ಬಳಿ ಇದ್ದವರಷ್ಟೇ ಅಲ್ಲ, ಲೈನಿನ ಗಂಡಸರಿಗೆಲ್ಲ ಇದು ಗೊತ್ತಿತ್ತು. ಹೆಂಡತಿಯರಿಗೆ ಹೇಳಿರಲಿಲ್ಲ, ಅಷ್ಟೇ.

"ಥೂ! ಹುಲಿಗಾದ್ರೂ ಹೊಟ್ಟೆಗೆ ಗುಂಡು ಬಿದ್ದಿತ್ತು," ಎಂದಳು ಯಲ್ಲಮ್ಮ. "ನಿಮಗೆ ಏನಾಗಿತ್ತು?"

ತಮಟೆಯ ಭೂತಯ್ಯ ಗುಂಪಿನ ಹಿಂದಿನಿಂದ ತಡವರಿಸುತ್ತ ಬಂದ. ಕಣ್ಣು ಮಂಜಾಗಿ, ಬೆನ್ನು ಪೂರ್ತಿ ಬಾಗಿತ್ತು. ಯಲ್ಲಮ್ಮನ ಕಾಲ ಬಳಿ ಕುಕ್ಕರಿಸಿದ.

"ಆ ಮುದ್ಕ ನಾನೇ ಕಣವ್ವ. ನನ್ನ ಕೂರ್ಸಿ ಅವನು ಹೋದ. ಅಜ್ಜ, ನಿಂಗೆ ಕಣ್ಣು ಸರಿಯಾಗಿ ಕಾಣಲ್ಲ, ನೀ ಕೂತ್ಕೋ ಅಂದ. ಅಷ್ಟೇ ಅಂದಿದ್ದು. ಬಾಯಿ ಬಿಟ್ರೆ ಮಕ್ಳು ಮರೀನೆಲ್ಲ ಓಡಿಸ್ತೀನಿ ಅಂದ ದೊರೆ. ಹೆದ್ರಿಬಿಟ್ಟೆ."

"ಎಲ್ರೂ ಹೆದ್ರಿದ್ವಿ!" ಎಂದ ಸುಬ್ಬಣ್ಣ. "ನಾನೊಬ್ನೇ ಕೆಟ್ಟೋನಾ? ನೀವೆಲ್ಲ ಯಾಕೆ ಸುಮ್ನಿದ್ರಿ ಮಾರಾಯ್ರಾ?"

"ನೀ ಸುಮ್ನಿರ್ಲಿಲ್ಲ ಸುಬ್ಬಣ್ಣ," ಎಂದಳು ಯಲ್ಲಮ್ಮ. "ಹೆಣದ ಮುಂದೆ ನಿಂತು ಅವನು ಕುಡ್ದಿದ್ದ ಅಂದಿ."

ಅಲ್ಲಿಯವರೆಗೆ ಸುಮ್ಮನಿದ್ದ ಹೆಂಗಸರು ಆಗ ಬಾಯಿ ತೆರೆದರು. ನಂಜಮ್ಮ ತನ್ನ ಗಂಡನ ಹೆಗಲ ಕಂಬಳಿ ಹಿಡಿದೆಳೆದು, "ನೀನೂ ಇದ್ಯಾ ಅಲ್ಲಿ? ಹೇಳು, ಇದ್ಯಾ?" ಎಂದು ಕೇಳಿದಳು. ಒಬ್ಬೊಬ್ಬಳೂ ತನ್ನ ಮನೆಯವನನ್ನು ಕೇಳಿದಳು. ಅಂದು ಹೊಸಕಾನಿನಲ್ಲಿ ಕೆಲಸ ಶುರುವಾದಾಗ ಬಿಸಿಲು ನೆತ್ತಿಗೇರಿತ್ತು.

ದೊರೆ ಹೇಳಿದ ಮಾತು ತಪ್ಪಲಿಲ್ಲ. ಸಂಜೆಯೊಳಗೆ ಯಲ್ಲಮ್ಮ, ರಾಮಮ್ಮ ಗಂಟುಮೂಟೆ ಕಟ್ಟಿ ಲೈನು ಬಿಡಬೇಕಾಯಿತು. ಗುಡ್ಡದಾಚೆ ಸಣ್ಣ ತೋಟ ಮಾಡಿಕೊಂಡಿದ್ದ ಬೆಳ್ಳಿಯಪ್ಪ ಎಂಬವರು ದೊರೆಗೆ ಹೆದರುವವರಲ್ಲ. ಕಾಫಿ ಕೊಯ್ಲಿಗೆ ಕೈ ಬೇಕಿತ್ತು; ಗದ್ದೆಯಂಚಿನ ಗುಡಿಸಲು ಬಿಟ್ಟುಕೊಟ್ಟರು.

ಆ ವರ್ಷದ ಕ್ರಿಸ್‌ಮಸ್ಸಿಗೆ ಟ್ರೆಂಚ್ ದೊರೆಯ ಬಂಗಲೆಗೆ ಎಂದಿನಂತೆ ಅತಿಥಿಗಳು ಬಂದರು. ಮರದ ಮೇಲೆ ಅಟ್ಟಣೆ ಕಟ್ಟಿಸಿದ್ದಾಯಿತು. ಬೇಟೆಯ ದಿನ ಬೆಳಿಗ್ಗೆ ಸೋವಿಗೆ ಒಬ್ಬನೂ ಬರಲಿಲ್ಲ. ಸುಬ್ಬಣ್ಣ ಲೈನಿನುದ್ದಕ್ಕೂ ಬಾಗಿಲು ಬಡಿದು ಬಂದ; ಹೆಂಗಸರು ಹೊಸ್ತಿಲಲ್ಲಿ ಅಡ್ಡ ನಿಂತಿದ್ದರು. ದೊರೆ ಕುದುರೆ ಹತ್ತಿ ತಾನೇ ಬಂದು ಕೂಗಾಡಿದ, ಎರಡು ಮನೆಗಳವರನ್ನು ಆಗಲೇ ಹೊರಗೆ ಹಾಕಿಸಿದ. ಭೂತಯ್ಯ ತನ್ನ ತಮಟೆಯನ್ನು ತಂದು ಅವನ ಕುದುರೆಯ ಮುಂದೆ ಇಟ್ಟು, "ಹಳುವಿಗೆ ನೀವೇ ಹೋಗಿ ದೊರೆ. ನಾವು ಇಲ್ಲಿಂದ ಜಯಕಾರ ಹಾಕ್ತೀವಿ," ಎಂದ. ಅವನಿಗೆ ಬಿದ್ದ ಚಾವಟಿಯ ಏಟಿನ ಬಾಸುಂಡೆ ಬಹುಕಾಲ ಮಾಯಲಿಲ್ಲ. ಆದರೆ ಅತಿಥಿಗಳು ಬಂಗಲೆಯಲ್ಲೇ ಇಸ್ಪೀಟು ಆಡಿ ಹಿಂದಿರುಗಿದರು. ಹೊಸಕಾನಿನಲ್ಲಿ ಮತ್ತೆ ಸೋವು ಆಗಲಿಲ್ಲ.

ಟ್ರೆಂಚ್ ದೊರೆಗೆ ಯಾವ ಶಿಕ್ಷೆಯೂ ಆಗಲಿಲ್ಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ ತೋಟ ಮಾರಿ, ಹೆಂಡತಿ ಮಗುವನ್ನು ಕರೆದುಕೊಂಡು ನೆಮ್ಮದಿಯಾಗಿ ಸೀಮೆಗೆ ಹೋದ. ಹೊಸ ಒಡೆಯರು ಸುಬ್ಬಣ್ಣನನ್ನು ಮೇಸ್ತ್ರಿ ಕೆಲಸದಿಂದ ತೆಗೆದರು. ಅವನು ಒಂದು ದಿನ ಮಳೆಯಲ್ಲಿ ನೆನೆಯುತ್ತ, ಎಲೆಯಡಿಕೆ ಹಿಡಿದುಕೊಂಡು ಯಲ್ಲಮ್ಮನ ಗುಡಿಸಲ ಮುಂದೆ ಬಂದು ನಿಂತ. ಬಡಕಲಾಗಿದ್ದ.

"ತಪ್ಪಾಯ್ತು ಯಲ್ಲಕ್ಕ. ಹೊಟ್ಟೇಲಿ ಹಾಕ್ಕೊಳ್ಳಿ," ಎಂದ.

ರಾಮಮ್ಮ ಒಳಗಿನಿಂದ, "ಯಾರದು?" ಎಂದು ಕೇಳಿದಳು. ಅತ್ತೆ ಸೊಸೆಯ ನಡುವೆ ಮಾತು ಆಗಲೂ ಅಷ್ಟಕ್ಕಷ್ಟೇ, ಬೇಕಾದಷ್ಟೇ ಆಡುತ್ತಿದ್ದರು. ಯಲ್ಲಮ್ಮ ಬಾಗಿಲಿನ ಎರಡು ಬದಿಗೂ ಕೈಯೂರಿ ನಿಂತಳು. ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವನು ಎಲೆಯಡಿಕೆಯನ್ನು ಹೊಸ್ತಿಲ ಮೇಲಿಟ್ಟು, ಉತ್ತರಕ್ಕೆ ಕಾದು, ಕಾದು, ಕೊನೆಗೆ ಗದ್ದೆಯ ಬದುವಿನ ಮೇಲೆ ನಡೆದು ಹೋದ.

"ಯಾರೂ ಇಲ್ಲ ಅತ್ತೆ," ಎಂದು ಯಲ್ಲಮ್ಮ ಎಲೆಯಡಿಕೆಯನ್ನು ಕಾಲಿನಿಂದ ಅಂಗಳಕ್ಕೆ ಸರಿಸಿ ಬಾಗಿಲು ಹಾಕಿದಳು.